ಬೇರಿನ ಉಸಿರು



ಬಳ್ಳಾರಿಯ ಪೇಟೆಗೆ ಬರುವ ಪದಾರ್ಥಗಳನ್ನು ಸ್ವಲ್ಪ ಗಮನಿಸಿರಿ. ಮೆಣಸಿನಕಾಯಿ ಒಂದು ಫಲ. ಭತ್ತದ ಕಾಳೂ ಸಸ್ಯಶಾಸ್ತ್ರದ ಪ್ರಕಾರ ಫಲವೇ. ಹತ್ತಿಯ ಎಳೆಯಾದರೋ ಬೀಜದ ಸಿಪ್ಪೆಯ ಮೇಲೆ ಬೆಳೆದ ಕೂದಲು. ಒಂದೊಂದು ಎಳೆಯೂ ಒಂದೊಂದು ಜೀವಕೋಶ. ಇವೆಲ್ಲವೂ ಹೂವಿನಿಂದ ಬಂದವು. ಕಣ್ಣಿಗೆ ಬೀಳುವ ಇಂಥ ಅಂಗಗಳಿಗೆ ಬೆಲೆಯುಂಟು. ಆದರೆ ಕಣ್ಣಿಗೆ ಬೀಳದ ಬೇರು ಕೆಟ್ಟರೆ ಇವಾವುವೂ ಪೇಟೆಯನ್ನು ಸೇರಲಾರವು.

ಸಸ್ಯದ ಸಂಸಾರದಲ್ಲಿ ಎಲೆಯೇ ಅಡುಗೆಯ ಮನೆ. ಅದು ಗಾಳಿಯ ಇಂಗಾಲಾಮ್ಲವನ್ನೂ ಕೆಳಗಿನಿಂದ ಬಂದ ನೀರನ್ನೂ ಕೂಡಿಸಿ, ಸೂರ್ಯನ ಬೆಳಕಿನ ಬಲದಿಂದ ಸಕ್ಕರೆಯನ್ನು ಸಿದ್ಧಪಡಿಸುತ್ತದೆ. ಕಾಂಡವು ಎಲೆಗಳನ್ನು ಬೆಳಕಿಗೆ ಎತ್ತಿ ಹಿಡಿಯುತ್ತದೆ. ಅದರ ಒಂದು ಬಗೆಯ ನಾಳಗಳಲ್ಲಿ ನೀರು ಮೇಲೇರಿದರೆ, ಇನ್ನೊಂದು ಬಗೆಯ ನಾಳಗಳಲ್ಲಿ ಆಹಾರವು ಬೇರಿನವರೆಗೂ ಸಾಗುತ್ತದೆ. ಬೇರು ಗಿಡವನ್ನು ನೆಲದಲ್ಲಿ ನಿಲ್ಲಿಸಿ, ಸೂಕ್ಷ್ಮವಾದ ರೋಮಗಳಿಂದ ನೀರನ್ನೂ ಲವಣಗಳನ್ನೂ ಹೀರುತ್ತದೆ. ಇಷ್ಟನ್ನು ಶಾಲೆಯ ಬಾಲಕರೂ ಬಲ್ಲರು. ಬೇರೂ ಉಸಿರಾಡುತ್ತದೆಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಅದರ ಕೆಲಸಕ್ಕೆ ಶಕ್ತಿ ಬೇಕು. ಆ ಶಕ್ತಿಗೆ ಮಣ್ಣಿನ ಸಂದುಗಳಲ್ಲಿರುವ ಆಮ್ಲಜನಕ ಬೇಕು.

ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಿತು. ಕಾಲುವೆಯ ನೀರು ಬಂದ ಮೇಲೆ ಸಿರುಗುಪ್ಪ, ಕುರುಗೋಡುಗಳ ಕಡೆಯ ಎರೆಯ ಭೂಮಿಯಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಭತ್ತಕ್ಕೆ ನಿಂತ ನೀರು ಬಾಧಕವಲ್ಲ; ಅದರ ಒಡಲಲ್ಲಿ ಗಾಳಿಯ ಓಣಿಗಳಿದ್ದು, ಎಲೆ ಕಾಂಡಗಳ ಮೂಲಕ ಬೇರಿಗೆ ಉಸಿರು ಇಳಿಯುತ್ತದೆ. ಹತ್ತಿ, ಮೆಣಸಿನ ಗಿಡಗಳಿಗೆ ಇಂಥ ಅನುಕೂಲವಿಲ್ಲ. ಎರೆಮಣ್ಣಿನ ಕಣಗಳು ಅತಿ ನುಣುಪಾದುವು. ನೀರು ಬೇಗನೆ ಬಸಿಯದು. ಗದ್ದೆಯ ನೀರು ಪಕ್ಕದ ಹೊಲಕ್ಕೆ ಒಸರಿ ನಿಂತಿತೆಂದರೆ ಮಣ್ಣಿನ ಗಾಳಿ ಹೊರಟುಹೋಗುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ, ನೀರಿನ ನಡುವೆಯೇ ಎಲೆ ಬಾಡುತ್ತದೆ. ಬಾಯಾರಿಕೆಯೆಂದು ಬಗೆದು ಮತ್ತೆ ನೀರು ಹಾಯಿಸಿದರೆ, ಮುಳುಗುವವನಿಗೆ ನೀರು ಕುಡಿಸಿದಂತಾಗುವುದಿಲ್ಲವೆ?

ಕೇಡು ಇಲ್ಲಿಗೇ ನಿಲ್ಲದು. ನೆಲದೊಳಗಿನ ನೀರಿನ ಮಟ್ಟ ಮೇಲೇರಿದಾಗ ಅದರೊಡನೆ ಲವಣಗಳೂ ಮೇಲಕ್ಕೆ ಬರುತ್ತವೆ. ಬಳ್ಳಾರಿಯ ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಬಿಟ್ಟು ಹೋಗುತ್ತದೆ. ಮಣ್ಣಿನಲ್ಲಿ ಉಪ್ಪು ಹೆಚ್ಚಿದಂತೆಲ್ಲ ಬೇರಿಗೆ ನೀರನ್ನು ಹೀರುವುದು ಕಷ್ಟವಾಗುತ್ತದೆ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಹೀಗೆ ಜೌಗಾಗಿ ಸವುಳಾದ ಭೂಮಿ ಅಲ್ಪವಲ್ಲ.

ಆದಕಾರಣ ನೀರನ್ನು ತರುವ ಕಾಲುವೆಯಷ್ಟೇ, ಹೆಚ್ಚಾದ ನೀರನ್ನು ಹೊರಗೊಯ್ಯುವ ಬಸಿಗಾಲುವೆಯೂ ಅವಶ್ಯಕ. ಬೆಳೆಯನ್ನು ನೋಡಿ ನೀರನ್ನು ಅಳೆಯುವ ವಿವೇಕ ಅದಕ್ಕಿಂತಲೂ ಅವಶ್ಯಕ. ಮನೆಯಂಗಳದ ಕುಂಡದ ತಳದಲ್ಲಿ ರಂಧ್ರವನ್ನು ಬಿಡುವ ನಾವು, ನೆಲಕ್ಕೂ ಅಂಥದೊಂದು ದಾರಿ ಬೇಕೆಂಬುದನ್ನು ಮರೆಯಬಾರದು.