ತಾಳೆಯಾದ ಲೆಕ್ಕವನ್ನೂ ನಂಬದ ಕೆಲಸ

ಸಾಫ್ಟ್‌ವೇರ್ ಕಂಪನಿಯ ಕೆಲಸ ಎಂದ ಕೂಡಲೇ ಕಾಮರ್ಸ್ ವಿಭಾಗದ ನಾವು ಅದು ಸೈನ್ಸ್ ತೆಗೆದುಕೊಂಡವರ ಪಾಲಿನದು ಎಂದು ಸುಮ್ಮನಾಗುತ್ತೇವೆ. ನನ್ನ ಖಾಲಾ ಅವರ ಮಗಳು ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದಾರೆ. ಆಪಾ ಊರಿಗೆ ಬಂದಾಗಲೆಲ್ಲ ಕೇಳಿ ಕೇಳಿ ತಿಳಿದುಕೊಂಡದ್ದು ಮತ್ತು ಆಮೇಲೆ ನಾನೇ ಓದಿದ್ದು ಇಲ್ಲಿದೆ. ಡಿಗ್ರಿಗೆ ಏನು ಸೇರಬೇಕೆಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಬಹುದು. ನಾನೂ ಅವರಲ್ಲಿ ಒಬ್ಬಳು.

ಪ್ರೋಗ್ರಾಂ ಬರೆಯುವವರು ಡೆವಲಪರ್. ಅದು ಜನರ ಕೈಗೆ ಹೋಗುವ ಮೊದಲು ಎಲ್ಲಿ ತಪ್ಪುತ್ತದೆ ಎಂದು ಹುಡುಕುವವರು ಟೆಸ್ಟರ್. ಸಿಕ್ಕಿದ ತಪ್ಪಿಗೆ ಬಗ್ ಎನ್ನುತ್ತಾರೆ. ಬಟನ್ ಒತ್ತಿ ನೋಡುವುದರಲ್ಲಿ ಕಲಿಯಲು ಏನಿದೆ ಎಂದು ಕೇಳಿದ್ದಕ್ಕೆ ಆಪಾ ನನ್ನನ್ನೇ ಕೇಳಿದರು: “ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೆ ಲೆಕ್ಕವೆಲ್ಲ ಸರಿ ಅಂತಾನಾ?” ಅಲ್ಲ ಎಂದು ಪ್ರಥಮ ಪಿಯುಸಿಯಲ್ಲೇ ಓದಿದ್ದೇವೆ. ಒಂದು ವ್ಯವಹಾರವನ್ನು ಬರೆಯದೇ ಬಿಟ್ಟರೂ ಎರಡು ಕಡೆಯ ಮೊತ್ತ ಸಮ ಬರುತ್ತದೆ. ಯಂತ್ರ ಕೊಂಡ ಹಣವನ್ನು ರಿಪೇರಿ ಖರ್ಚಿಗೆ ಹಾಕಿದರೂ ಸಮ. ರಹೀಮನ ಖಾತೆಗೆ ಹೋಗಬೇಕಾದದ್ದು ರಮೇಶನ ಖಾತೆಗೆ ಹೋದರೂ ಸಮವೇ. ಟೆಸ್ಟಿಂಗ್ ಕೂಡ ಹೀಗೆ. ನೂರು ಪರೀಕ್ಷೆ ಪಾಸಾದರೆ ಆ ನೂರರಲ್ಲಿ ತಪ್ಪು ಸಿಗಲಿಲ್ಲ ಎಂದಷ್ಟೇ ಅರ್ಥ, ತಪ್ಪೇ ಇಲ್ಲ ಎಂದಲ್ಲ.

ಎಲ್ಲವನ್ನೂ ಪರೀಕ್ಷಿಸಿ ಮುಗಿಸಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಎಲ್ಲಿ ನೋಡಬೇಕು ಎಂಬುದೇ ಮೊದಲ ಪಾಠ. ನಮ್ಮ ಹಾಜರಾತಿಯನ್ನೇ ತೆಗೆದುಕೊಳ್ಳಿ. ಶೇ 75 ಇದ್ದರೆ ಪರೀಕ್ಷೆಗೆ ಕೂರಬಹುದು. ಇದನ್ನು ಹೇಳುವ ಒಂದು ಸಾಫ್ಟ್‌ವೇರ್ ಇದೆ ಎಂದುಕೊಳ್ಳೋಣ. ಅದಕ್ಕೆ 20, 40, 90 ಹಾಕಿ ನೋಡಿದರೆ ಹೆಚ್ಚೇನೂ ತಿಳಿಯುವುದಿಲ್ಲ. 74, 75, 76 ಹಾಕಬೇಕು. “75 ಅಥವಾ ಹೆಚ್ಚು” ಎಂದು ಬರೆಯುವ ಬದಲು “75ಕ್ಕಿಂತ ಹೆಚ್ಚು” ಎಂದು ಬರೆದಿದ್ದರೆ ಸರಿಯಾಗಿ 75 ಇರುವವರು ಹೊರಗೆ ಉಳಿಯುತ್ತಾರೆ. ಇದಕ್ಕೆ ಬೌಂಡರಿ ವ್ಯಾಲ್ಯೂ ಪರೀಕ್ಷೆ ಎಂದು ಹೆಸರು. ಆಮೇಲೆ 101 ಹಾಕಿ, ಖಾಲಿ ಬಿಟ್ಟು ನೋಡಬೇಕು. 74.6 ಇದ್ದರೆ? ಪರದೆಯ ಮೇಲೆ 75 ಎಂದು ತೋರಿಸಿ, ಒಳಗೆ 74.6 ಎಂದೇ ಹಿಡಿದು ಅನರ್ಹ ಎಂದರೆ? ಇದಕ್ಕೆ ಉತ್ತರ ಕಂಪ್ಯೂಟರಿನಲ್ಲಿಲ್ಲ, ನಿಯಮ ಮಾಡಿದವರ ಬಳಿ ಇದೆ. ಅವರನ್ನು ಹೋಗಿ ಕೇಳುವುದೂ ಟೆಸ್ಟರ್ ಕೆಲಸವೇ. (ಆಫೀಸಿನವರು ಇದನ್ನು ಓದುತ್ತಿದ್ದರೆ, 74.6 ಉದಾಹರಣೆ ಮಾತ್ರ.)

ಹೀಗೆ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಪೋಸ್ಟ್ ಆಫೀಸ್ ಪ್ರಕರಣ ಓದಬೇಕು. 1999ರಿಂದ ಅಲ್ಲಿನ ಶಾಖೆಗಳಿಗೆ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ನಗದು ಕಡಿಮೆ ಇದೆ ಎಂದು ಅದು ತೋರಿಸಿದಾಗ ಸಂಸ್ಥೆ ಸಾಫ್ಟ್‌ವೇರನ್ನು ನಂಬಿತು, ಶಾಖೆ ನಡೆಸುವವರನ್ನು ನಂಬಲಿಲ್ಲ. ಕಳ್ಳತನ, ಸುಳ್ಳು ಲೆಕ್ಕ ಎಂಬ ಆರೋಪಗಳ ಮೇಲೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಎಷ್ಟೋ ಜನ ಮಾಡದ ತಪ್ಪಿಗೆ ಕೈಯಿಂದ ಹಣ ಕಟ್ಟಿದರು. ಆ ಸಾಫ್ಟ್‌ವೇರಿನಲ್ಲಿ ಬಗ್‌ಗಳಿದ್ದವು ಎಂದು 2019ರಲ್ಲಿ ಅಲ್ಲಿನ ಹೈಕೋರ್ಟ್ ತೀರ್ಪು ಕೊಟ್ಟಿತು. 2024ರಲ್ಲಿ ಸಂಸತ್ತು ಕಾನೂನು ಮಾಡಿ ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಿತು. 2015ರಲ್ಲಿ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್‌ನಲ್ಲಿ ಕಂಡ ಒಂದು ಬಗ್ ಹೀಗಿತ್ತು: ನಗದು ಬಂದಿದೆ ಎಂದು ದಾಖಲಿಸುವಾಗ ಪರದೆ ನಿಂತುಹೋಗುತ್ತಿತ್ತು. ಎಂಟರ್ ಮತ್ತೆ ಒತ್ತಿದರೆ, ಒತ್ತಿದಷ್ಟು ಸಲವೂ ಅದೇ ನಗದು ಹೊಸದಾಗಿ ಬಂದಂತೆ ದಾಖಲಾಗುತ್ತಿತ್ತು. ಪರದೆ ನಿಂತಾಗ ನಾವೆಲ್ಲ ಮಾಡುವುದೂ ಅದನ್ನೇ ಅಲ್ಲವೇ? “ಎರಡು ಸಲ ಒತ್ತಿದರೆ?” ಎಂಬ ಪ್ರಶ್ನೆ ಪ್ರತಿ ಟೆಸ್ಟರ್ ಪಟ್ಟಿಯಲ್ಲೂ ಇರಬೇಕು ಎನ್ನುತ್ತಾರೆ ಆಪಾ.

ಇಂಥ ಪ್ರಶ್ನೆಗಳಲ್ಲಿ ಕೆಲವು ನಮ್ಮ ಮನೆಗಳಲ್ಲೇ ಇವೆ. ನನ್ನ ಅಮ್ಮಿಗೆ ಇರುವುದು ಒಂದೇ ಹೆಸರು. ಒಂದು ಸ್ಕಾಲರ್‌ಶಿಪ್ ಅರ್ಜಿಯಲ್ಲಿ ತಾಯಿಯ ಲಾಸ್ಟ್ ನೇಮ್ ಖಾಲಿ ಬಿಟ್ಟರೆ ಮುಂದೆ ಹೋಗುತ್ತಲೇ ಇರಲಿಲ್ಲ. ಸೈಬರ್ ಸೆಂಟರ್‌ನವರು ಅದೇ ಹೆಸರನ್ನು ಎರಡು ಸಲ ಹಾಕಿದರು. ಆಮೇಲೆ ಆಧಾರ್‌ಗೆ ಹೊಂದುವುದಿಲ್ಲ ಎಂದು ಅರ್ಜಿ ವಾಪಸ್ಸು ಬಂತು. ಆ ಅರ್ಜಿಯನ್ನು ಪರೀಕ್ಷಿಸಿದವರ ಪರಿಚಯದಲ್ಲಿ ಒಂದೇ ಹೆಸರಿನವರು ಯಾರೂ ಇರಲಿಲ್ಲವೇನೋ. ಉರ್ದುವನ್ನು ಬಲದಿಂದ ಎಡಕ್ಕೆ ಬರೆಯುತ್ತೇವೆ, ನಡುವೆ ಬರುವ ಅಂಕಿಗಳನ್ನು ಮಾತ್ರ ಎಡದಿಂದ ಬಲಕ್ಕೆ. ಒಂದೇ ಸಾಲಿನಲ್ಲಿ ಉರ್ದು, ಇಂಗ್ಲಿಷ್, ಫೋನ್ ನಂಬರ್ ಮೂರೂ ಬಂದರೆ ಎಷ್ಟೋ ಆ್ಯಪ್‌ಗಳಲ್ಲಿ ಸಾಲು ಕಲಸಿಹೋಗುತ್ತದೆ. ಇದು ನಮ್ಮ ಕಣ್ಣಿಗೆ ಬೀಳುವಷ್ಟು ಬೇಗ ಬೇರೆಯವರ ಕಣ್ಣಿಗೆ ಬೀಳುವುದಿಲ್ಲ.

ಕೆಲಸದಲ್ಲಿ ಮೇಲೆ ಬರುವುದು ಹೇಗೆ? ಆಪಾ ಮೊದಲು ಕಲಿತದ್ದು ಬಗ್ ರಿಪೋರ್ಟ್ ಬರೆಯುವುದು. “ಬಿಲ್ ಸರಿ ಬರುತ್ತಿಲ್ಲ” ಎಂದರೆ ಡೆವಲಪರ್‌ಗೆ ಏನೂ ತಿಳಿಯುವುದಿಲ್ಲ. ಯಾವ ಹೆಜ್ಜೆಗಳನ್ನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು ಎಂಬ ಮೂರೂ ಇರಬೇಕು: “1,000 ರೂಪಾಯಿಯ ವಸ್ತುವಿಗೆ 10% ರಿಯಾಯಿತಿ ಕೊಟ್ಟು 18% ಜಿಎಸ್‌ಟಿ ಹಾಕಿದೆ. 1,062 ಬರಬೇಕು, 1,080 ಬಂತು.” ತೆರಿಗೆಯನ್ನು ರಿಯಾಯಿತಿಗೆ ಮೊದಲಿನ ಬೆಲೆಯ ಮೇಲೆ ಹಾಕಿದ್ದಾರೆ ಎಂದು ಕಾಮರ್ಸ್ ಓದಿದವರಿಗೆ ಕೂಡಲೇ ಹೊಳೆಯುತ್ತದೆ. ಬ್ಯಾಂಕಿಂಗ್, ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ನಮಗೆ ಅನುಕೂಲ ಇರುವುದು ಇಲ್ಲೇ. ನಂತರ ಡೇಟಾಬೇಸ್ ನೋಡಲು ಎಸ್‌ಕ್ಯೂಎಲ್, ಅದೇ ಪರೀಕ್ಷೆಯನ್ನು ದಿನವೂ ಯಂತ್ರದಿಂದಲೇ ಮಾಡಿಸಲು ಸೆಲೆನಿಯಂನಂಥ ಆಟೊಮೇಷನ್ ಸಾಧನಗಳು. ಇದಕ್ಕೆ ಸ್ವಲ್ಪ ಪ್ರೋಗ್ರಾಮಿಂಗ್ ಬೇಕೇ ಬೇಕು. ಕಾಮರ್ಸ್ ಎಂದು ತಪ್ಪಿಸಿಕೊಳ್ಳುವಂತಿಲ್ಲ.

ಸರ್ಟಿಫಿಕೇಟ್ ಬಗ್ಗೆಯೂ ಕೇಳಿದೆ. ಐಎಸ್‌ಟಿಕ್ಯೂಬಿ ಫೌಂಡೇಶನ್ ಪರೀಕ್ಷೆಯಲ್ಲಿ 40 ಪ್ರಶ್ನೆ, 60 ನಿಮಿಷ, ಪಾಸಾಗಲು 26 ಸರಿ ಇರಬೇಕು. ಪಠ್ಯಕ್ರಮ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಈಗಲೇ ಓದಬಹುದು, ಶುಲ್ಕ ಕಟ್ಟಲು ಅವಸರ ಬೇಡ ಎಂದು ನನಗನಿಸುತ್ತದೆ. “ಕೋರ್ಸ್ ಸೇರಿದರೆ ಕೆಲಸ ಗ್ಯಾರಂಟಿ” ಎನ್ನುವ ಬೋರ್ಡ್‌ಗಳನ್ನಂತೂ ಟೆಸ್ಟರ್ ಕಣ್ಣಿನಿಂದಲೇ ನೋಡಿ.

ಅಭ್ಯಾಸಕ್ಕೆ ಖರ್ಚಿಲ್ಲದ ದಾರಿ ಇದೆ. ಲಿಬ್ರೆಆಫೀಸ್ ಎಂಬ ಉಚಿತ ಸಾಫ್ಟ್‌ವೇರಿನ ಬಗ್‌ಗಳನ್ನು ಯಾರು ಬೇಕಾದರೂ ಅದರ ಬಗ್‌ಜಿಲ್ಲಾ ಪುಟದಲ್ಲಿ ದಾಖಲಿಸಬಹುದು. ಅದು ಕನ್ನಡದಲ್ಲೂ ಬಳಸಲು ಸಿಗುತ್ತದೆ. ಬೇರೆಯವರು ಬರೆದ ರಿಪೋರ್ಟ್‌ಗಳನ್ನು ಮೊದಲು ಹತ್ತಿಪ್ಪತ್ತು ಓದಿ. ನಾನು ಈ ತಿಂಗಳು ಅದರ ಸ್ಪ್ರೆಡ್‌ಶೀಟ್‌ನಲ್ಲಿ ಉರ್ದು ಹೆಸರು ಮತ್ತು ಮೊತ್ತಗಳ ಪಟ್ಟಿ ಮಾಡಿ ನೋಡುತ್ತಿದ್ದೇನೆ. ಜೊತೆಗೆ ಕೂರುವವರು ಬೇಕು, ಕನ್ನಡ ಟೈಪಿಂಗ್ ಬರುವವರಾದರೆ ಇನ್ನೂ ಒಳ್ಳೆಯದು.