ತೇಲುವ ಮಂಜುಗಡ್ಡೆಯ ಗುಟ್ಟು

ಚಳಿಗಾಲದಲ್ಲಿ ಊರಿನಿಂದ ಮಿನ್ನೆಸೋಟಕ್ಕೆ ಬರುವ ಹಿರಿಯರು ಹೆಪ್ಪುಗಟ್ಟಿದ ಕೆರೆಯನ್ನು ಕಂಡೊಡನೆ ಕೇಳುವ ಪ್ರಶ್ನೆ: "ಒಳಗಿರೋ ಮೀನುಗಳ ಗತಿ ಏನಪ್ಪಾ?" ಉತ್ತರ ನೀರಿನ ಒಂದು ವಿಚಿತ್ರ ಗುಣದಲ್ಲಿದೆ.

ಇಲ್ಲಿನ ಚಳಿಗೆ ನಮ್ಮ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಷ್ಟೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟರೆ, ಕರಗದೆ ಉಳಿದ ಗಡ್ಡೆ ಎಣ್ಣೆಯ ತಳಕ್ಕಿಳಿಯುತ್ತದೆ. ಹೆಚ್ಚಿನ ವಸ್ತುಗಳು ಹೀಗೆಯೇ, ಗಟ್ಟಿಯಾದಾಗ ಕುಗ್ಗುತ್ತವೆ. ನೀರಿನ ದಾರಿಯೇ ಬೇರೆ. ತಣ್ಣಗಾಗುತ್ತಾ 4 ಡಿಗ್ರಿ ಸೆಲ್ಸಿಯಸ್‌ವರೆಗೆ ಕುಗ್ಗುವ ನೀರು, ಅಲ್ಲಿಂದ ಕೆಳಗೆ ಹಿಗ್ಗತೊಡಗುತ್ತದೆ. 0 ಡಿಗ್ರಿಯಲ್ಲಿ ಹೆಪ್ಪುಗಟ್ಟುವಾಗ ಅದರ ಅಣುಗಳು ಆರು ಮೂಲೆಯ ಜೇನುಗೂಡಿನ ಕೋಣೆಗಳಂತೆ, ನಡುವೆ ಖಾಲಿ ಜಾಗ ಬಿಟ್ಟು ಜೋಡಣೆಯಾಗುತ್ತವೆ. ಗಾತ್ರ ಸುಮಾರು ಶೇಕಡಾ 9ರಷ್ಟು ಹೆಚ್ಚುತ್ತದೆ. ಒಂದು ಲೀಟರ್ ನೀರು ಸುಮಾರು 1000 ಗ್ರಾಂ ತೂಗಿದರೆ, ಅಷ್ಟೇ ಗಾತ್ರದ ಮಂಜುಗಡ್ಡೆ ತೂಗುವುದು ಸುಮಾರು 917 ಗ್ರಾಂ. ಹಗುರವಾದ್ದರಿಂದ ತೇಲುತ್ತದೆ.

ಚಳಿ ಶುರುವಾದಾಗ ಕೆರೆಯ ಮೇಲ್ಪದರದ ನೀರು ತಣ್ಣಗಾಗಿ, ಭಾರವಾಗಿ ಕೆಳಗಿಳಿಯುತ್ತದೆ. ಕೆರೆಯೆಲ್ಲ 4 ಡಿಗ್ರಿಗೆ ಬಂದ ಮೇಲೆ, ಇನ್ನೂ ತಣ್ಣಗಾದ ನೀರು ಹಗುರವಾಗಿ ಮೇಲೆಯೇ ಉಳಿದು ಹೆಪ್ಪುಗಟ್ಟುತ್ತದೆ. ಆ ಮಂಜಿನ ಪದರವೇ ಕೆರೆಗೆ ಕಂಬಳಿ! ತಳದಲ್ಲಿ ಸುಮಾರು 4 ಡಿಗ್ರಿಯ ನೀರಿನಲ್ಲಿ ಮೀನುಗಳು ಬದುಕಿರುತ್ತವೆ. ಮಂಜುಗಡ್ಡೆ ಮುಳುಗುವಂತಿದ್ದರೆ ಕೆರೆಗಳು ತಳದಿಂದಲೇ ಗಡ್ಡೆಕಟ್ಟುತ್ತಿದ್ದವು.

ಮೀನನ್ನು ಕಾಯುವ ಇದೇ ಗುಣ ನಮ್ಮ ಮನೆಗೆ ಮುಳುವಾಗಬಹುದು. ಡಿಸೆಂಬರ್ ರಜೆಗೆ ಊರಿಗೆ ಹೊರಡುವಾಗ ಖರ್ಚು ಉಳಿಸಲೆಂದು ಹೀಟಿಂಗ್ ಪೂರ್ತಿ ಆರಿಸಿ ಹೋದೆವೆನ್ನಿ. ಪೈಪಿನೊಳಗೆ ಹಿಗ್ಗುವ ಮಂಜು, ಮುಚ್ಚಿದ ನಲ್ಲಿಯ ಕಡೆಗೆ ನೀರನ್ನು ಒತ್ತುತ್ತದೆ. ಆ ಒತ್ತಡಕ್ಕೆ ತಾಮ್ರದ ಪೈಪೂ ಸೀಳುತ್ತದೆ. ಮಂಜು ಕರಗಿದಾಗ ಬೇಸ್‌ಮೆಂಟ್ ತುಂಬಾ ನೀರು. ಆದ್ದರಿಂದ ಥರ್ಮೋಸ್ಟಾಟನ್ನು 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಸದಿರೋಣ. ಮನೆಗೆ ನೀರು ಬರುವ ಮುಖ್ಯ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಪೈಪಿನ ನೀರನ್ನು ಖಾಲಿ ಮಾಡೋಣ.

ಮಕ್ಕಳ ವಿಷಯದಲ್ಲೂ ಒಂದು ಮಾತು. ಕೆರೆಯ ಮೇಲೆ ನಡೆಯಲು ಕನಿಷ್ಠ 4 ಇಂಚು ದಪ್ಪದ, ಹೊಸದಾಗಿ ಕಟ್ಟಿದ ತಿಳಿಯಾದ ಮಂಜು ಬೇಕೆಂದು ಇಲ್ಲಿನ ರಾಜ್ಯ ಇಲಾಖೆ ಹೇಳುತ್ತದೆ. ಹಿಮ ಬೆರೆತ ಬಿಳಿ ಮಂಜು ಅಷ್ಟು ಗಟ್ಟಿಯಲ್ಲ. ನೀರು ಹರಿದು ಸೇರುವ ಕಡೆ ಪದರ ತೆಳ್ಳಗಿರುತ್ತದೆ. ಒಂದು ಕಡೆ ಗಟ್ಟಿಯಿದೆಯೆಂದು ಕೆರೆಯೆಲ್ಲ ಗಟ್ಟಿಯೆಂದು ನಂಬುವಂತಿಲ್ಲ. ಅಳೆಯದೆ ಕಾಲಿಡಬಾರದೆಂದು ಮಕ್ಕಳಿಗೆ ಹೇಳಿಕೊಡೋಣ.

ಈ ಸಲ ಅಜ್ಜ-ಅಜ್ಜಿ ಮೀನಿನ ಗತಿ ಕೇಳಿದರೆ, ಉತ್ತರವನ್ನು ಮೊಮ್ಮಕ್ಕಳೇ ಹೇಳಲಿ. ಕೊಬ್ಬರಿ ಎಣ್ಣೆಯ ಬಾಟಲಿ ಹೇಗೂ ಮನೆಯಲ್ಲೇ ಇದೆ!