ಶುಗರ್, ಬಿಪಿ ಇದ್ದವರಿಗೆ ಹೊಗೆ ಅಂದ್ರೆ ಬರೀ ಕೆಮ್ಮಲ್ಲ

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಆದ್ರೂ ಈ ಎಪಿಸೋಡ್ ಮಾಡೋಕೆ ಕಾರಣ ನಮ್ಮ ಮನೆಯಲ್ಲೇ ಇದೆ.

ಭಾಲ್ಕಿಯಲ್ಲಿರೋ ನಮ್ಮ ಕಾಕಾಗೆ ಸುಮಾರು ವರ್ಷದಿಂದ ಶುಗರ್, ಬಿಪಿ ಎರಡೂ ಇದೆ. ರಸ್ತೆ ಪಕ್ಕ ಗ್ಯಾರೇಜ್. ದಿನವಿಡೀ ಲಾರಿ, ಟ್ರ್ಯಾಕ್ಟರ್ ಹೊಗೆ. ಕಳೆದ ಚಳಿಗಾಲದಲ್ಲಿ ಒಂದಿನ ಬೆಳಿಗ್ಗೆ ಕಾಕಿ ಫೋನ್ ಮಾಡಿದ್ರು: “ನಿಮ್ಮ ಕಾಕಾಂದು ಬಾಯಿ ಸೊಟ್ಟ ಆಗ್ಯಾದ, ಮಾತು ಸರಿ ಬರ್ಲತ್ತಿಲ್ಲ, ಲಗೂ ಬಾ.” ನಾನು ಬೀದರ್‌ನಿಂದ ಹೋಗೋಷ್ಟರಲ್ಲಿ ಅಕ್ಕಪಕ್ಕದವರು “ಲಕ್ವಾ ಹೊಡೆದದ” ಅಂತ ಎಣ್ಣೆ ತಿಕ್ಕಿಸ್ತಾ ಇದ್ರು. ಆಮೇಲೆ ಒಂದು ಕ್ಲಿನಿಕ್, ಅಲ್ಲಿ ಸಿ.ಟಿ. ಸ್ಕ್ಯಾನ್ ಇರ್ಲಿಲ್ಲ. ಬೀದರ್ ಮುಟ್ಟೋಷ್ಟರಲ್ಲಿ ಆರು ಗಂಟೆ ಕಳೆದಿತ್ತು. ಜೀವ ಉಳೀತು. ಆದ್ರೆ ಬಲಗೈಯಲ್ಲಿ ಪಾನಾ ಹಿಡಿಯೋಕೆ ಇವತ್ತಿಗೂ ಆಗಲ್ಲ.

ಕಾಕಿ ಕೇಳಿದ ಒಂದು ಪ್ರಶ್ನೆ ನನ್ನ ತಲೇಲೇ ಉಳೀತು: “ಬೀಡಿ ಸೇದಿಲ್ಲ, ಕುಡದಿಲ್ಲ. ಇವ್ರಿಗ್ಯಾಕ ಬಂತು?”

ಕಾಕಾಗೆ ಹೊಗೆಯಿಂದಲೇ ಸ್ಟ್ರೋಕ್ ಆಯ್ತು ಅಂತ ಯಾರೂ ಹೇಳೋಕೆ ಆಗಲ್ಲ. ಒಬ್ಬ ಮನುಷ್ಯನ ಲೆಕ್ಕ ಹಾಗೆ ಬಿಡಿಸೋಕೆ ಬರಲ್ಲ. ಆದ್ರೆ ಲಕ್ಷಾಂತರ ಜನರ ಲೆಕ್ಕ ಬೇರೆ ಮಾತು ಹೇಳುತ್ತೆ. 2021ರ ಜಾಗತಿಕ ಅಂಕಿಅಂಶ 2024ರಲ್ಲಿ ‘ಲ್ಯಾನ್ಸೆಟ್ ನ್ಯೂರಾಲಜಿ’ ಪತ್ರಿಕೆಯಲ್ಲಿ ಬಂತು. ಸ್ಟ್ರೋಕ್‌ನ ಹೊರೆಗೆ ನಂಬರ್ ಒನ್ ಕಾರಣ ಬಿಪಿ, ಅರ್ಧಕ್ಕಿಂತ ಜಾಸ್ತಿ. ಅದರ ನಂತರ ಯಾವುದು ಗೊತ್ತಾ? ಸಿಗರೇಟ್ ಅಲ್ಲ, ಹೊರಗಿನ ಗಾಳಿಯಲ್ಲಿರೋ ಸಣ್ಣ ಕಣ, ಸುಮಾರು 17%. ಕಟ್ಟಿಗೆ ಒಲೆಯಂಥ ಮನೆಯೊಳಗಿನ ಹೊಗೆಗೆ ಇನ್ನೊಂದು ಪಾಲು ಬೇರೆನೇ ಇದೆ.

ಹೊಗೆ ಮೆದುಳಿಗೆ ಹೋಗೋದು ಹೇಗೆ?

ಪಿ.ಎಂ. 2.5 ಅಂದ್ರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ತಲೆಗೂದಲ ದಪ್ಪದ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಸಣ್ಣದು. ಮೂಗು, ಗಂಟಲಲ್ಲಿ ನಿಲ್ಲದೆ ಶ್ವಾಸಕೋಶದ ತಳಕ್ಕೆ ಇಳಿಯುತ್ತೆ. ಅಲ್ಲಿ ಉರಿಯೂತ ಶುರುವಾಗಿ ಅದರ ಪರಿಣಾಮ ರಕ್ತಕ್ಕೂ ಬರುತ್ತೆ. ರಕ್ತನಾಳ ಬಿಗಿಯುತ್ತೆ, ಬಿಪಿ ಏರುತ್ತೆ, ರಕ್ತ ಬೇಗ ಹೆಪ್ಪುಗಟ್ಟೋ ಕಡೆ ವಾಲುತ್ತೆ.

ಆರೋಗ್ಯವಂತರ ರಕ್ತನಾಳ ಇದನ್ನ ಒಂದಷ್ಟು ತಡ್ಕೊಳ್ಳುತ್ತೆ. ಆದ್ರೆ ಶುಗರ್, ಬಿಪಿ, ಕೊಲೆಸ್ಟ್ರಾಲ್, ಹೊಟ್ಟೆ ಬೊಜ್ಜು ಇದ್ದವರ ರಕ್ತನಾಳದ ಒಳಪದರ ಮೊದಲೇ ಹಾಳಾಗಿರುತ್ತೆ. ನನ್ನ ಭಾಷೆಯಲ್ಲಿ ಹೇಳ್ಬೇಕಂದ್ರೆ, ಮೊದಲೇ ಸಾಲ ಇರೋ ಅಂಗಡಿಗೆ ಹೊಸ ಬಡ್ಡಿ ಬಿದ್ದ ಹಾಗೆ. ಬಡ್ಡಿ ಎಲ್ರಿಗೂ ಒಂದೇ, ಮುಳುಗೋದು ಸಾಲ ಇದ್ದವನು.

ಇನ್ನೊಂದು ವಿಷ್ಯ, ಹೊಗೆ ಸಾಲವನ್ನೂ ಬೆಳೆಸುತ್ತೆ. ದೆಹಲಿ ಮತ್ತು ಚೆನ್ನೈನ 12,000ಕ್ಕೂ ಹೆಚ್ಚು ಜನರನ್ನ 2010ರಿಂದ 2017ರವರೆಗೆ ಗಮನಿಸಿದ ಅಧ್ಯಯನ 2023ರಲ್ಲಿ ಬಂತು. ಪಿ.ಎಂ. 2.5ರ ವಾರ್ಷಿಕ ಸರಾಸರಿ 10 ಮೈಕ್ರೋಗ್ರಾಂ ಜಾಸ್ತಿ ಇದ್ದಲ್ಲಿ ಹೊಸದಾಗಿ ಶುಗರ್ ಬರೋ ಅಪಾಯ 22% ಜಾಸ್ತಿ ಇತ್ತು.

“ನಮ್ಮ ಬೀದರ್ ಏನ್ ದಿಲ್ಲಿನಾ?”

ಈ ಪ್ರಶ್ನೆ ನಾನೂ ಕೇಳಿದ್ದೆ. ಗಾಳಿ ಹಾಳಾದ ನಗರಗಳು ಅಂತ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದಿಂದ ಇರೋದು ನಾಲ್ಕು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಬೀದರ್ ಇಲ್ಲ. ಹಾಗಂತ ನಿಶ್ಚಿಂತೆಯಿಂದ ಇರೋ ಹಾಗಿಲ್ಲ.

ಅಮೆರಿಕದ ಬಾಸ್ಟನ್‌ನಲ್ಲಿ 1,700ಕ್ಕೂ ಹೆಚ್ಚು ಸ್ಟ್ರೋಕ್ ರೋಗಿಗಳ ಅಧ್ಯಯನ 2012ರಲ್ಲಿ ಪ್ರಕಟವಾಯ್ತು. ಶುದ್ಧ ಗಾಳಿ ಇದ್ದ ದಿನಕ್ಕೆ ಹೋಲಿಸಿದ್ರೆ, ಹಳದಿ ಬಣ್ಣದ ‘ಮಧ್ಯಮ’ ಗಾಳಿ ಇದ್ದ 24 ಗಂಟೆಯ ನಂತರ ಸ್ಟ್ರೋಕ್ ಅಪಾಯ 34% ಜಾಸ್ತಿ ಇತ್ತು. ಅಲ್ಲಿ ಆ ‘ಹಳದಿ’ ಅಂದ್ರೆ ಪಿ.ಎಂ. 2.5 ಸುಮಾರು 15ರಿಂದ 40. ನಮ್ಮ ದೇಶದ ಸೂಚ್ಯಂಕದಲ್ಲಿ 60ರವರೆಗೂ ಹಸಿರೇ! ನಮ್ಮಲ್ಲಿ 24 ಗಂಟೆಯ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಅಂದ್ರೆ ನಿಮ್ಮ ಆಪ್ ಹಸಿರು ತೋರಿಸಿದ ದಿನವೂ ಶುಗರ್ ಇರೋ ಅಪ್ಪನಿಗೆ ಪೂರ್ತಿ ಸುರಕ್ಷಿತ ಅಲ್ಲ.

ಇನ್ನು ನಮ್ಮ ಕಡೆಯ ಸೀಸನ್ ನೋಡಿ. ರಾಜ್ಯದಲ್ಲಿ ಹೆಚ್ಚು ಚಳಿ ಬೀಳೋ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಚಳಿಯಲ್ಲಿ ಹೊಗೆ ಮೇಲೇರದೆ ನೆಲದ ಹತ್ತಿರವೇ ಕೂರುತ್ತೆ. ಅದೇ ಟೈಮಲ್ಲಿ ಕಬ್ಬು ನುರಿಸೋ ಹಂಗಾಮು, ಹೊಲದಲ್ಲಿ ರವದಿಗೆ ಬೆಂಕಿ, ಬೀದಿಯಲ್ಲಿ ಕಸಕ್ಕೆ ಬೆಂಕಿ, ಔರಾದ್ ಕಡೆ ರಸ್ತೆ ಧೂಳು. ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದ ಅಕ್ಕಪಕ್ಕದವರು ವಾಸನೆ ಬಗ್ಗೆ ದೂರ್ತಾನೇ ಇದ್ದಾರೆ. ಮೇಲಾಗಿ ಚಳಿ ತಾನೇ ಬಿಪಿ ಏರಿಸುತ್ತೆ. ಇಷ್ಟೂ ಒಂದೇ ತಿಂಗಳಲ್ಲಿ ಬಂದು ಬೀಳುತ್ತೆ.

ಏನು ಮಾಡೋದು?

ಗಾಳಿಯನ್ನ ನೀವೊಬ್ಬರೇ ಬದಲಿಸೋಕೆ ಆಗಲ್ಲ. ಆದ್ರೆ ಬಿಪಿ ನಿಮ್ಮ ಕೈಯಲ್ಲಿದೆ. ಮನೆಯ ಹಿರಿಯರು “ಈಗ ಆರಾಮ ಅದ” ಅಂತ ಮಾತ್ರೆ ನಿಲ್ಲಿಸಿದ್ದಾರಾ, ಇವತ್ತೇ ಕೇಳಿ. ಸರ್ಕಾರಿ ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡ್ತಾರೆ. ಚಳಿಗಾಲದಲ್ಲಿ ವಾಕಿಂಗ್ ಬಿಸಿಲು ಬಿದ್ದ ಮೇಲೆ, ಮೇನ್ ರೋಡ್ ಬಿಟ್ಟು. ಹೊಗೆಯಲ್ಲೇ ಕೆಲಸ ಇದ್ರೆ ಕರವಸ್ತ್ರ ಸಾಲದು, ಎನ್95 ಮಾಸ್ಕ್ ಬೇಕು. ಮನೆ ಮುಂದೆ ಕಸ ಸುಡೋದು ಮೊದಲು ನಾವು ನಿಲ್ಲಿಸ್ಬೇಕು. ಫೋನಲ್ಲಿ ‘ಸಮೀರ್’ ಆಪ್ ಇಟ್ಕೊಳ್ಳಿ. ಬಣ್ಣ ಬಿಡಿ, ಪಿ.ಎಂ. 2.5 ನೋಡಿ.

ಇನ್ನು ಆ ಗಳಿಗೆ ಬಂದೇಬಿಟ್ರೆ? ನಗೋಕೆ ಹೇಳಿ, ಬಾಯಿ ಒಂದು ಕಡೆ ಜೋತಿದೆಯಾ? ಎರಡೂ ಕೈ ಎತ್ತಿಸಿ, ಒಂದು ಕೆಳಗೆ ಬೀಳ್ತಿದೆಯಾ? ಒಂದು ವಾಕ್ಯ ಹೇಳಿಸಿ, ತೊದಲುತ್ತಾ? ಮೂರರಲ್ಲಿ ಒಂದಿದ್ರೂ ಟೈಮ್ ನೋಡ್ಕೊಳ್ಳಿ, 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ಅದೂ ಸಿ.ಟಿ. ಸ್ಕ್ಯಾನ್ ನೋಡಿದ ಮೇಲೆ. ಹೆಪ್ಪೋ ರಕ್ತಸ್ರಾವವೋ ಅಂತ ಸ್ಕ್ಯಾನ್ ಇಲ್ಲದೆ ಗೊತ್ತಾಗಲ್ಲ, ಹಾಗಾಗಿ ನೀವೇ ಆಸ್ಪಿರಿನ್ ಕೊಡಬೇಡಿ. ನೀರೂ ಕುಡಿಸಬೇಡಿ, ಗಂಟಲಲ್ಲಿ ಸಿಕ್ಕೊಳ್ಳುತ್ತೆ. ಎಣ್ಣೆ ತಿಕ್ಕೋಕೆ ಟೈಮೇ ಇಲ್ಲ.

ಭಾಲ್ಕಿ, ಔರಾದ್‌ನಿಂದ ಬೀದರ್‌ಗೆ ಬರೋಕೇ ಸುಮಾರು ಒಂದು ತಾಸು. ಅದಕ್ಕೇ ಇವತ್ತೇ ಒಂದು ಕೆಲಸ ಮಾಡಿ. ಬ್ರಿಮ್ಸ್ ಆಗ್ಲಿ, ಖಾಸಗಿ ಆಸ್ಪತ್ರೆ ಆಗ್ಲಿ, “ರಾತ್ರಿನೂ ಸಿ.ಟಿ. ನಡೆಯುತ್ತಾ? ಸ್ಟ್ರೋಕ್ ಇಂಜೆಕ್ಷನ್ ಕೊಡ್ತೀರಾ?” ಅಂತ ಕೇಳಿ. ಸಿಕ್ಕ ಉತ್ತರಾನ ಫೋನ್ ನಂಬರ್ ಸಮೇತ ಮನೆಯ ವಾಟ್ಸ್‌ಆಪ್ ಗ್ರೂಪಿಗೆ ಹಾಕಿ. ನಮ್ಮ ಮನೆ ಗ್ರೂಪಲ್ಲಿ ಆ ದಿನ ನೂರು ಗುಡ್ ಮಾರ್ನಿಂಗ್ ಇದ್ವು, ಈ ಒಂದು ನಂಬರ್ ಇರ್ಲಿಲ್ಲ.

ಮುಂದಿನ ಎಪಿಸೋಡಲ್ಲಿ ಸಿಗೋಣ. ಅಲ್ಲಿವರೆಗೆ ಅಪ್ಪ-ಅಮ್ಮಂದು ಬಿಪಿ ಒಂದ್ಸಲ ಚೆಕ್ ಮಾಡಿಸಿ.